ಅಪ್ಪ ಹೆಸರು ಕೇಳಿದ ಮಧ್ಯಾಹ್ನ

ಈಗಲೂ ನರ್ಸ್ ಯಾರಾದರೂ ತೋಳಿಗೆ ಸ್ಪಿರಿಟ್ ಹತ್ತಿ ಒರೆಸಿದರೆ ಸಾಕು, ನಾನು ಶಿವಮೊಗ್ಗದ ಕೋಟೆಯ ನಮ್ಮ ಮನೆಯಲ್ಲಿರುತ್ತೇನೆ. ಮುಂದಿನ ಕೋಣೆಯೇ ಅಪ್ಪನ ದವಾಖಾನೆ. ಅಲ್ಲಿ ಸ್ಟವ್ ಮೇಲೆ ಸಿರಿಂಜು ಕುದಿಯುತ್ತಿತ್ತು, ಒಳಗೆ ಒಲೆಯ ಮೇಲೆ ಸಾರು ಕುದಿಯುತ್ತಿತ್ತು, ಎರಡರ ವಾಸನೆಯೂ ನಡುಮನೆಯಲ್ಲಿ ಬೆರೆತು ನಮ್ಮ ಬಟ್ಟೆಗೆಲ್ಲ ಹತ್ತಿರುತ್ತಿತ್ತು. ಗಾಂಧಿ ಬಜಾರಿನ ಜವಳಿ ಅಂಗಡಿಯವರಿಂದ ಹಿಡಿದು ಸವಳಂಗ ರಸ್ತೆಯ ಲಾರಿ ಡ್ರೈವರುಗಳವರೆಗೆ ಎಲ್ಲರಿಗೂ ಅಪ್ಪನ ಕೈಗುಣದ ಮೇಲೆ ಅಷ್ಟೊಂದು ನಂಬಿಕೆ. ಆ ಕೈಯ ಮದ್ದು ಸಿಗದಿದ್ದದ್ದು ಮಕ್ಕಳಾದ ನಮಗೆ ಮಾತ್ರ! ನಾನು ಕೂಸಾಗಿದ್ದಾಗ ಇಂಜೆಕ್ಷನ್ ಕೊಡಲು ಹೋಗಿ ಅಪ್ಪನ ಕೈ ನಡುಗಿ ಸೂಜಿ ಮುರಿದಿತ್ತಂತೆ. ಅಂದಿನಿಂದ ನಮಗೆ ಮೈ ಬಿಸಿಯಾದರೆ ರೈಲು ಹತ್ತಿಸಿ ಭದ್ರಾವತಿಗೆ, ಅಪ್ಪನ ಜೊತೆ ಓದಿದ ಡಾಕ್ಟರ್ ಖಾದರ್ ಮಾಮನ ಹತ್ತಿರ. ಅವರ ಮಕ್ಕಳಿಗೆ ಹುಷಾರು ತಪ್ಪಿದರೆ ಇಲ್ಲಿಗೆ. ಗೆಳೆಯರಿಬ್ಬರ ಒಪ್ಪಂದ ಅದು. ಊರಿಗೆಲ್ಲ ಔಷಧಿ ಕೊಡುವ ಪುಣ್ಯಾತ್ಮ ಮನೆಮಕ್ಕಳನ್ನು ರೈಲಿಗೆ ಹತ್ತಿಸುತ್ತಾನಲ್ಲ ಎಂದು ಅಜ್ಜಿ ಗೊಣಗುತ್ತಿದ್ದಳು. ನಮಗೇನು, ಖುಷಿಯೋ ಖುಷಿ. ಕಾರ್ಖಾನೆಯ ಚಿಮಣಿ ಕಂಡೊಡನೆ ಅರ್ಧ ಜ್ವರ ಇಳಿದಿರುತ್ತಿತ್ತು.

ತಮ್ಮ ಶಂಕರ ನಾಲ್ಕು ವರ್ಷದವನಿದ್ದಾಗ ಅವನಿಗೆ ಜ್ವರ ಬಂದು ಗಂಟಲು ಕಟ್ಟಿತು. ಒಂದು ಸಲ ಬಾಯಿ ತೆಗೆಸಿ ನೋಡಿ ಎಂದು ಅಮ್ಮ ಅಂಗಲಾಚಿದಳು. ಹೆತ್ತ ಮಕ್ಕಳನ್ನು ನಾನೇ ನೋಡಿದರೆ ಇಲ್ಲದ್ದೆಲ್ಲ ಕಾಣುತ್ತದೆ, ಬರೀ ಶೀತ, ಭಾನುವಾರ ಖಾದರ್ ನೋಡಲಿ ಎಂದು ಅಪ್ಪ ಹಟ ಹಿಡಿದರು. ಬೇರೆಯವರ ಮಗುವಾಗಿದ್ದರೆ ಒಂದು ಗಳಿಗೆ ತಡೆಯುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಶಂಕರ ಉಸಿರೆಳೆದರೆ ಸೀಟಿಯಂತೆ ಕೇಳತೊಡಗಿತು. ಆಗ ಅಪ್ಪ ಟಾರ್ಚ್ ಹಿಡಿದು ನೋಡಿದರು. ಗಂಟಲ ತುಂಬ ಬೂದು ಬಣ್ಣದ ಪೊರೆ. ಗಂಟಲಮಾರಿ, ಮಕ್ಕಳನ್ನು ಉಸಿರು ಕಟ್ಟಿಸಿ ಕೊಲ್ಲುವ ರೋಗ. ಭದ್ರಾವತಿಗೆ ಫೋನ್ ಹೋಯಿತು. ಅದರ ವಿಷ ಇಳಿಸುವ ಸೀರಮ್ ತೆಗೆದುಕೊಂಡು ಈಗಲೇ ಹೊರಟೆ ಎಂದರು ಖಾದರ್ ಮಾಮ. ಅಷ್ಟರಲ್ಲೇ ಶಂಕರನ ತುಟಿ ನೀಲಿಗಟ್ಟಿತು. ಅವರು ಬರುವವರೆಗೆ, ದೊಡ್ಡಾಸ್ಪತ್ರೆಗೆ ಒಯ್ಯುವವರೆಗೆ ಕೂಡ, ಅವನು ಉಳಿಯುವಂತಿರಲಿಲ್ಲ.

ಅಪ್ಪ ಕೈ ತೊಳೆಯತೊಡಗಿದರು. ಆ ಕೈ ನಡುಗುತ್ತಿತ್ತು, ನಾನು ನೋಡಿದೆ. ಆಮೇಲೆ ತಿರುಗಿ, ಅಮ್ಮನನ್ನು ಮೊದಲ ಸಲ ಕಂಡವರಂತೆ ನೋಡಿ ಕೇಳಿದರು:

"ಮಗು ಹೆಸರೇನಮ್ಮ?"

ಅಪ್ಪನಿಗೆ ತಲೆ ಕೆಟ್ಟಿತೆಂದೇ ನಾನು ಹೆದರಿದೆ. ಅಮ್ಮ ಕಕ್ಕಾಬಿಕ್ಕಿಯಾಗಿ ನಿಂತಳು. ಒಂದು ಕ್ಷಣ ಅಷ್ಟೇ. ಆಮೇಲೆ ಅವಳಿಗೆ ಹೊಳೆಯಿತು. ಸೆರಗು ಹೊದ್ದುಕೊಂಡು, ಹೊರಗೆ ಕಾಯುವ ಹೆಂಗಸರು ಹೇಳುವ ಹಾಗೆಯೇ ಹೇಳಿದಳು.

"ಶಂಕರ ಅಂತ, ಡಾಕ್ಟ್ರೇ."

"ಇಷ್ಟು ದಿನ ಯಾಕೆ ತೋರಿಸ್ಲಿಲ್ಲ?"

"ಅವರಪ್ಪ ಬೇಡ ಅಂದ್ರು."

ಅಪ್ಪ ಎಲ್ಲ ತಾಯಂದಿರ ಮಾತಿಗೂ ಮಾಡುವಂತೆ ತಲೆಯಾಡಿಸಿದರು. ನನ್ನ ಕಡೆ ನೋಡಿ, "ನೀನು ಇವನ ಅಕ್ಕನಾ? ಕಾಲು ಗಟ್ಟಿಯಾಗಿ ಹಿಡ್ಕೋ ಮಗು" ಎಂದರು. ಹಿಡಿದೆ. ಅಮ್ಮ ತಲೆ ಹಿಡಿದಳು. ಅಪ್ಪ ಕತ್ತಿನ ಕೆಳಭಾಗದಲ್ಲಿ ಬ್ಲೇಡಿಟ್ಟಾಗ ಆ ಕೈ ಕಲ್ಲಿನ ಹಾಗಿತ್ತು. ಪುಟ್ಟದೊಂದು ಸೀಳು, ಅದರೊಳಗೆ ಬೆಳ್ಳಿಯ ಸಣ್ಣ ಕೊಳವೆ. ಬುಸ್ಸೆಂದು ಗಾಳಿ ಒಳಗೆ ಹೋಯಿತು, ಶಂಕರನ ಮುಖಕ್ಕೆ ಬಣ್ಣ ಮರಳಿತು. ಅಬ್ಬಾ, ಯಾವ ದೇವರ ಮುಂದೆಯೂ ನಾನು ಅಷ್ಟು ಭಯಭಕ್ತಿಯಿಂದ ನಿಂತಿಲ್ಲ. ಹೆತ್ತ ಮಗನನ್ನು ಉಳಿಸಿಕೊಳ್ಳಲು ಅವನನ್ನು ಯಾರದೋ ಮಗುವಾಗಿಸಿಕೊಂಡ ಆ ಮನುಷ್ಯ ನನ್ನ ಅಪ್ಪ ಎಂಬುದನ್ನೇ ನಂಬಲಾಗಲಿಲ್ಲ.

ಖಾದರ್ ಮಾಮ ಬಂದು ಸೀರಮ್ ಚುಚ್ಚಿದರು. ಅಪ್ಪ ಒಳಗೆ ನಿಲ್ಲಲಾರದೆ ಹೊರಗೆ ರೋಗಿಗಳ ನಡುವೆ ಬೆಂಚಿನ ಮೇಲೆ ಕೂತಿದ್ದರು. ಕಾಲೇಜಿನ ದಿನಗಳಿಂದಲೂ ಅವರಿಬ್ಬರದು ಹೋಗೋ ಬಾರೋ ಎನ್ನುವ ಸಲಿಗೆ. ಆವತ್ತು ಖಾದರ್ ಮಾಮ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಾಗ ಅಪ್ಪ ಎದ್ದು ನಿಂತು ಕೈಮುಗಿದರು.

"ನನ್ನ ಮಗ ಉಳ್ಕೋತಾನಾ, ಡಾಕ್ಟ್ರೇ?"

ಖಾದರ್ ಮಾಮ ನಗಲಿಲ್ಲ. "ಉಳ್ಕೋತಾನೆ. ಒಳಗೆ ಹೋಗಿ ಮಾತಾಡ್ಸಿ, ಸ್ವಾಮಿ" ಎಂದರು. ಅಪ್ಪ ಮುಖ ಮುಚ್ಚಿಕೊಂಡು ಅತ್ತರು.

ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದು ಹೋಗಿರಬೇಕು. ಕೋಟೆಯ ಆ ಮನೆ ಹೋಯಿತು. ಅಮ್ಮ ಇಲ್ಲ, ಖಾದರ್ ಮಾಮ ಇಲ್ಲ, ಅಪ್ಪನೂ ಇಲ್ಲ. ಶಂಕರ ಇದ್ದಾನೆ. ಮೊಮ್ಮಕ್ಕಳನ್ನು ಆಡಿಸಿಕೊಂಡಿದ್ದಾನೆ.