ಜಾಸ್ತಿ ಒರೆಸಿದ ನೆಲ

ನಮ್ಮೂರಿನ ಹೊಸ ಗ್ರಂಥಾಲಯಕ್ಕೆ ಹೊಸ್ತಿಲಿಲ್ಲ. ಬೀದಿಯೇ ನೇರವಾಗಿ ಒಳಗೆ ನಡೆದು ಬರಬೇಕು ಎಂಬುದು ಅದರ ನಕ್ಷೆ ಬರೆದಾಕೆ, ವಾಸ್ತುಶಿಲ್ಪಿ ಕುರಹಾಶಿ ಅವರ ಆಸೆ. ಸುತ್ತ ಗಾಜು, ತೆಳ್ಳನೆಯ ಕಂಬಗಳು, ಈ ತುದಿಯಿಂದ ಆ ತುದಿಯವರೆಗೆ ನಮ್ಮ ಬೆಟ್ಟದ ಹಿನೊಕಿ ಮರದ ಹಲಗೆ ನೆಲ. ಗಾಲಿಕುರ್ಚಿಯವರು ಸಲೀಸಾಗಿ ಬರಲಿ, ಎಲ್ಲರೂ ಶೂ ಹಾಕಿಕೊಂಡೇ ಬರಲಿ ಎಂದು ಮೊದಲೇ ತೀರ್ಮಾನವಾಗಿತ್ತು. ಪುಸ್ತಕ ಕೊಟ್ಟು ತೆಗೆದುಕೊಳ್ಳುವುದರಲ್ಲೇ ತಲೆ ನರೆತ ನನಗೆ ಈ ಗಾಜಿನ ಡಬ್ಬಿಯ ಮೇಲೆ ಪ್ರೀತಿ ಅಷ್ಟಕ್ಕಷ್ಟೇ. ಅದನ್ನು ಮನೆ ಮಾಡಿದವಳು ಕಿಕುನೊ ಅಜ್ಜಿ.

ಅಜ್ಜಿಗೆ ಎಪ್ಪತ್ತೊಂದು. ಬಿಸಿನೀರ ಬುಗ್ಗೆಯ ಹಳೇ ವಸತಿಗೃಹದಲ್ಲಿ ಮೂವತ್ತು ವರ್ಷ ಮೊಣಕಾಲೂರಿ ಪಡಸಾಲೆ ಒರೆಸಿದವಳು. ಅದು ಮುಚ್ಚಿದ ಮೇಲೆ ಗ್ರಂಥಾಲಯಕ್ಕೆ ಬಂದಳು. ಕೊಟ್ಟ ಉದ್ದಕೋಲಿನ ಒರೆಸುಬಟ್ಟೆಯನ್ನು ಮೂಲೆಗಿಟ್ಟು, ಮನೆಯಿಂದ ಅಕ್ಕಿ ತೌಡು ತುಂಬಿದ ಬಟ್ಟೆಯ ಗಂಟು ತಂದು ಹಲಗೆ ಹಲಗೆಯನ್ನೂ ಉಜ್ಜಿದಳು.

ಆರು ತಿಂಗಳಿಗೆ ತೌಡಿನ ಎಣ್ಣೆಯಿಂದ ನೆಲಕ್ಕೆ ಎಂಥ ಹೊಳಪು ಬಂತೆಂದರೆ, ಬಂದವರೆಲ್ಲ ಬಾಗಿಲಲ್ಲೇ ಶೂ ಬಿಚ್ಚತೊಡಗಿದರು! ‘ಶೂ ಹಾಕಿಕೊಂಡೇ ಬನ್ನಿ’ ಎಂದು ಫಲಕ ಹಾಕಿದೆವು. ಫಲಕದ ಕೆಳಗೇ ಬಿಚ್ಚಿಟ್ಟರು. ಒಂದು ದಿನ ಗಾಲಿಕುರ್ಚಿಯೊಂದು ಶೂ ರಾಶಿಗೆ ಸಿಕ್ಕಿ ನಿಂತಿತು.

ನಮ್ಮ ಮುಖ್ಯಾಧಿಕಾರಿ ನಿಶಿಗೋರಿ ಕೆಟ್ಟವರಲ್ಲ, ಪುಕ್ಕಲರು. ಅಜ್ಜಿಯನ್ನು ಕರೆಸಿದರು.

“ಕಿಕುನೊ ಸಾನ್, ದಯವಿಟ್ಟು ಸ್ವಲ್ಪ ಕಡಿಮೆ ಒರೆಸಿ.”

“ಕಡಿಮೆ ಅಂದ್ರೆ ಹೇಗೆ? ಅರ್ಧ ಕೊಳೆ ಬಿಡಲಾ?”

“ಮುಂದಿನ ತಿಂಗಳು ಕುರಹಾಶಿ ಸೆನ್ಸೇ ನೋಡೋಕೆ ಬರ್ತಾರೆ. ಅವತ್ತು ಬಾಗಿಲಲ್ಲಿ ಒಂದು ಜೊತೆ ಶೂ ಕಂಡ್ರೂ, ಏಪ್ರಿಲ್‌ನಿಂದ ಮಷೀನ್ ತರೋ ಕಂಪನಿಗೆ ಕೆಲಸ ಕೊಡ್ತೀನಿ. ನನ್ನನ್ನ ಬೈಕೋಬೇಡಿ.”

ಅಜ್ಜಿ ಉದ್ದಕೋಲು ಹಿಡಿದಳು. ನೆಲ ಮಂಕಾಯಿತು. ಜನ ಶೂ ಹಾಕಿಕೊಂಡು ಟಪಟಪ ನಡೆದರು. ಮಧ್ಯಾಹ್ನ ನಾವು ಒಟ್ಟಿಗೆ ಕೂತು ಊಟದ ಡಬ್ಬಿ ಬಿಚ್ಚಿದರೆ ಅವಳು ಅನ್ನದುಂಡೆಯನ್ನು ಅರ್ಧಕ್ಕೇ ಬಿಡುತ್ತಿದ್ದಳು. “ಒರೆಸೋಕೆ ನೆಲ ಇಲ್ದಿದ್ರೆ ಬೆಳಿಗ್ಗೆ ಯಾಕೆ ಏಳಬೇಕು ಹೇಳು,” ಎಂದಳು ಒಮ್ಮೆ. ಆ ನಿಶಿಗೋರಿಯವರ ಕುತ್ತಿಗೆಪಟ್ಟಿ ಹಿಡಿದು ಕೇಳಬೇಕೆನಿಸಿತ್ತು. ಕೇಳಲಿಲ್ಲ, ನಾನೂ ಪುಕ್ಕಲನೇ.

ಕುರಹಾಶಿ ಬರುವ ದಿನ ನಾನು ಬೇಗ ಬಂದೆ. ಅಜ್ಜಿ ಮೊಣಕಾಲೂರಿದ್ದಳು, ಕೈಯಲ್ಲಿ ತೌಡಿನ ಗಂಟು. ಅರ್ಧ ನೆಲ ಆಗಲೇ ಹೊಳೆಯುತ್ತಿತ್ತು.

“ಅಜ್ಜೀ, ತಲೆ ಕೆಟ್ಟಿದೆಯಾ? ಕೆಲಸ ಹೋಗುತ್ತೆ!”

“ಹೋದ್ರೆ ಹೋಗ್ಲಿ. ಹೆತ್ತವಳು ಮಗೂನ ನೋಡೋಕೆ ಬರ್ತಿದ್ದಾಳೆ. ತಲೆ ಬಾಚದೇ ತೋರಿಸ್ಲಾ? ಸುಮ್ನೆ ನಿಂತಿದ್ದೀಯಲ್ಲ, ಆ ಕುರ್ಚಿ ಸರಿಸು.”

ಸರಿಸಿದೆ.

ನಿಶಿಗೋರಿ ನೆಲ ನೋಡಿ ಬಿಳಿಚಿಕೊಂಡರು. ಬಾಗಿಲಲ್ಲೇ ಕಾವಲು ನಿಂತು, “ಶೂ ಹಾಕ್ಕೊಂಡೇ ಬನ್ನಿ, ಹಾಕ್ಕೊಂಡೇ!” ಎಂದು ಬಂದವರನ್ನೆಲ್ಲ ಒಳಗೆ ತಳ್ಳಿದರು. ಹತ್ತು ಗಂಟೆಯವರೆಗೆ ಬಾಗಿಲಲ್ಲಿ ಒಂದೂ ಶೂ ಇರಲಿಲ್ಲ.

ಕುರಹಾಶಿ ಬಂದರು. ಚಾವಣಿ ನೋಡುತ್ತ, ಏನೋ ವಿವರಿಸುತ್ತ ಬಾಗಿಲಿಗೆ ಬಂದವರು ಮಾತು ನಿಲ್ಲಿಸದೆ ಶೂ ಬಿಚ್ಚಿ, ಬಗ್ಗಿ, ಮೂತಿ ಹೊರಗೆ ತಿರುಗಿಸಿ ಜೋಡಿಸಿ, ಒಳಗೆ ಕಾಲಿಟ್ಟರು.

“ಸೆನ್ಸೇ, ಶೂ...” ಎಂದರು ನಿಶಿಗೋರಿ.

ಕುರಹಾಶಿ ಕೆಳಗೆ ನೋಡಿಕೊಂಡು ಕೆಂಪಾದರು. “ಅಯ್ಯೋ, ಹಾಕ್ಕೊಂಡೇ ಬನ್ನಿ ಅಂತ ಹೇಳಿದವಳೇ ನಾನು! ಕಾಲು ಕೇಳಲಿಲ್ಲ ನೋಡಿ.” ಬಗ್ಗಿ ಹಲಗೆಯ ಮೇಲೆ ಅಂಗೈ ಆಡಿಸಿದರು. “ಇದನ್ನ ಯಾರು ಒರೆಸ್ತಾರೆ?”

ಕಂಬದ ಹಿಂದಿನಿಂದ ಅಜ್ಜಿ ಬಂದು ಸೊಂಟ ಮುರಿಯುವಷ್ಟು ಬಾಗಿದಳು. “ತಪ್ಪಾಯ್ತು. ಜಾಸ್ತಿ ಒರೆಸಿಬಿಟ್ಟೆ.”

ಕುರಹಾಶಿಯವರೂ ಅಷ್ಟೇ ಬಾಗಿದರು. ಆಮೇಲೆ ನನ್ನ ಮೇಜಿನಿಂದ ಕಾಗದ ತೆಗೆದು, ಗಾಲಿಕುರ್ಚಿಯ ದಾರಿ ಬಿಟ್ಟು, ಹೊರಗೋಡೆಗುಂಟ ಶೂಗಳಿಗೊಂದು ತಗ್ಗು ಕಪಾಟು ಗೀಚಿದರು.

ನಿಶಿಗೋರಿ ಆ ಒಂದೇ ಜೊತೆ ಶೂಗಳನ್ನೇ ನೋಡುತ್ತ ನಿಂತಿದ್ದರು. ಕೊನೆಗೆ ಕೂತು ತಮ್ಮ ಶೂ ದಾರ ಬಿಚ್ಚಿದರು. ಎಡಗಾಲಿನ ಕಾಲುಚೀಲದ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು.

“ಕಿಕುನೊ ಸಾನ್,” ಎಂದರು ತಲೆ ಎತ್ತದೆ, “ಏಪ್ರಿಲ್‌ಗೆ ಎಷ್ಟು ತೌಡು ಬೇಕಾಗುತ್ತೆ, ಬರೆದುಕೊಡಿ.”