ಹೋದ ವರ್ಷದ ನೀರು

ಅವರ ಎಡಗಾಲಿನ ಹಿಮ್ಮಡಿ ನೆಲಕ್ಕೆ ಹತ್ತುತ್ತಿರಲಿಲ್ಲ. ಮೀನಖಂಡ ಸೊರಗಿ, ನರ ಬಿಗಿದು, ಹಿಮ್ಮಡಿ ನೆಲದಿಂದ ಮೂರು ಬೆರಳು ಮೇಲೆಯೇ ನಿಂತುಬಿಟ್ಟಿತ್ತು. ಆ ಕಾಲಿನ ಚಪ್ಪಲಿಗೆ ತೊಗಲಿನ ಮೇಲೆ ತೊಗಲು ಹೊಲಿಸಿ ಎತ್ತರ ಮಾಡಿಸಿಕೊಂಡಿದ್ದರು. ಬೂಟು ಆ ಕಾಲಿಗೆ ಏರುತ್ತಲೇ ಇರಲಿಲ್ಲ. ಈ ಮಾತನ್ನು ಓದುವವರು ನೆನಪಿಟ್ಟುಕೊಳ್ಳಬೇಕು. ನಮ್ಮೂರಿನವರು ಇಟ್ಟುಕೊಳ್ಳಲಿಲ್ಲ, ನಾನಂತೂ ಬೇಕೆಂದೇ ಮರೆತೆ.

ಅವರು ಬೈಲಹೊಂಗಲದಿಂದ ವಾರಕ್ಕೊಮ್ಮೆ ತಟ್ಟು ಕುದುರೆಯ ಮೇಲೆ ಬರುತ್ತಿದ್ದ ಸರಕಾರಿ ಡಾಕ್ಟರು. ನಾನು ಸಂಪಗಾಂವದಿಂದ ಎರಡು ಹರದಾರಿ ದೂರದ ಹಳ್ಳಿಯಲ್ಲಿ ಕನ್ನಡ ಸಾಲೆಯ ಮಾಸ್ತರ. ಪ್ಲೇಗು ಒಂದು ಸುತ್ತು ಬಂದು ಹೋಗಿತ್ತು. ಸರಕಾರದವರು ಎಂದರೆ ಮನೆ ಬಿಡಿಸಿ ಹೊಲದ ಗುಡಿಸಲಿಗೆ ಅಟ್ಟುವವರು ಎಂದು ಜನ ತಿಳಿದಿದ್ದ ಕಾಲ. ಹಾಗಾಗಿ ಡಾಕ್ಟರು ಸಾಲೆಯ ಪಡಸಾಲೆಯಲ್ಲಿ ಕುಳಿತರೂ ಮೊದಮೊದಲು ಹತ್ತಿರ ಸುಳಿದವರು ಕಡಿಮೆ. ನಡೆಯಲಾಗದವರು ಮಾತ್ರ ಬಂದರು. ನಮ್ಮಲ್ಲಿ ನಡೆಯಲಾಗದವರಿಗೆ ಕೊರತೆಯೇನೂ ಇರಲಿಲ್ಲ. ಬೇಸಿಗೆ ಬಂತೆಂದರೆ ಮನೆಗೊಬ್ಬರಾದರೂ ನಾರುಹುಣ್ಣಿನಿಂದ ಹಾಸಿಗೆ ಹಿಡಿಯುತ್ತಿದ್ದರು. ಪಾದದಲ್ಲಿ ಬೊಕ್ಕೆ ಎದ್ದು, ಒಡೆದು, ಅದರೊಳಗಿನಿಂದ ಬಿಳಿ ದಾರದಂಥ ಹುಳು ಹೊರಗೆ ಬರುತ್ತಿತ್ತು. ಮೊಳ ಉದ್ದದ ಹುಳು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟಿಷ್ಟೇ ಹೊರಗೆ ತೆಗೆಯಬೇಕು. ಹರಿದರೆ ಒಳಗೇ ಕೊಳೆತು ಕಾಲು ಕೆಡುತ್ತದೆ.

ಡಾಕ್ಟರ ಕಾಲು ಕೆಟ್ಟಿದ್ದೂ ಹಾಗೆಯೇ. "ಸಣ್ಣಾಂವ ಇದ್ದಾಗರಿ. ಹುಳಾ ಅರ್ಧಾ ಬಂದಿತ್ತು. ನಮ್ಮ ಆಯಿಗೆ ಅವಸರ ಇತ್ತು, ಜಗ್ಗಿದಳು" ಎಂದು ನಗುತ್ತಿದ್ದರು. ಅಜ್ಜಿಯ ಮೇಲೆ ಸಿಟ್ಟಿರಲಿಲ್ಲ. ಸಿಟ್ಟೆಲ್ಲ ಹುಳುವಿನ ಮೇಲಿತ್ತು.

ಬಂದ ಪ್ರತಿಯೊಬ್ಬರಿಗೂ ಮೊದಲು ಒಂದೇ ಪ್ರಶ್ನೆ: "ಹ್ವಾದ ವರ್ಷ ಈ ದಿನದಾಗ ಯಾವ ಭಾವಿ ನೀರು ಕುಡದ್ರಿ?" ಕಾಲು ಉರಿದು ಒದ್ದಾಡುವವನಿಗೆ ಹೋದ ವರ್ಷದ ನೀರು ಎಲ್ಲಿ ನೆನಪಿರಬೇಕು? ಜನ ನಕ್ಕರು. 'ಹ್ವಾದ ವರ್ಷದ ಡಾಕ್ಟರ' ಎಂದು ಹೆಸರಿಟ್ಟರು. ಅವರು ಬಿಡಲಿಲ್ಲ. ಹೇಳಿದ್ದನ್ನೆಲ್ಲ ನನ್ನಿಂದ ಬರೆಸಿದರು, ನನ್ನ ಅಕ್ಷರ ದುಂಡಗಿದ್ದವು ಎಂದು. ಮೂರು ತಿಂಗಳ ಪಟ್ಟಿ ಮುಂದಿಟ್ಟುಕೊಂಡು ನೋಡಿದರೆ, ಬೀಗರ ಊರಿಗೆ ಹೋಗಿ ಒಂದು ಬೇಸಿಗೆ ಕಳೆದು ಬಂದವರಿಗೆ ಮರುವರ್ಷ ಹುಣ್ಣಿಲ್ಲ. ಆ ಬೇಸಿಗೆಯಲ್ಲಿ ಇಲ್ಲಿಗೆ ಹೊಸದಾಗಿ ಬಂದ ಸೊಸೆಯಂದಿರಿಗೆ ಮರುವರ್ಷ ತಪ್ಪಿಲ್ಲ. ಎಲ್ಲರ ಬಾಯಲ್ಲೂ ಒಂದೇ ಬಾವಿ, ಮಠದ ಪಕ್ಕದ ಪಾವಟಿಗೆಯ ಬಾವಿ.

ಆ ಬಾವಿಗೆ ನೀರಿನ ತನಕ ಮೆಟ್ಟಿಲು. ಪೂಜೆಗೆ ನೀರು ಒಯ್ಯುವವರು ಕೆಳಗಿಳಿದು, ಮೊಣಕಾಲುದ್ದ ನೀರಿನಲ್ಲಿ ನಿಂತು, ಕೈಕಾಲು ಚೆನ್ನಾಗಿ ತೊಳೆದುಕೊಂಡು, ಆಮೇಲೆ ಕೊಡ ತುಂಬಬೇಕು. ತೊಳೆಯದ ಕಾಲಿನಿಂದ ತಂದ ನೀರು ಲಿಂಗಕ್ಕೆ ಸಲ್ಲದು. ಹುಣ್ಣು ಎದ್ದವರೂ ಅಲ್ಲಿಗೇ ಹೋಗಿ ಕಾಲು ಇಳಿಬಿಟ್ಟು ಕೂರುತ್ತಿದ್ದರು, ತಣ್ಣೀರಿಗೆ ಉರಿ ಆರುತ್ತದೆ ಎಂದು.

ಒಂದು ದಿನ ಡಾಕ್ಟರು ಒಬ್ಬಳ ಹುಣ್ಣಿನ ಕಾಲನ್ನು ಹಿತ್ತಾಳೆ ಬೋಗುಣಿಯ ನೀರಿನಲ್ಲಿ ಇಡಿಸಿದರು. ಹುಣ್ಣಿನ ಬಾಯಿಂದ ಹಾಲಿನಂಥದ್ದು ಹೊರಬಂತು. ಅದರ ಒಂದು ಹನಿ ತೆಗೆದು ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ತಮ್ಮ ದುರ್ಬೀನಿನ ಕೆಳಗಿಟ್ಟು ನನ್ನನ್ನು ಕರೆದರು. ನೋಡಿದೆ. ಹನಿಯ ತುಂಬ ಕೂದಲೆಳೆಯಂಥ ಮರಿಗಳು ಮಿಡುಕುತ್ತಿದ್ದವು. "ಕಾಲು ತೊಳದ ನೀರಾಗ ಇವು ಇಳಿತಾವ್ರಿ ಮಾಸ್ತರ. ನೀರಾಗಿನ ಸಣ್ಣ ಹುಳಾ ಇವನ್ನ ನುಂಗತಾವ, ಆ ಹುಳಾ ನಾವು ಕುಡಿತೇವಿ. ಒಂದು ವರ್ಷ ಮೈಯಾಗ ಬೆಳದು ಮತ್ತ ಕಾಲಿಗೇ ಬರತಾವ." ಅಂದಿನಿಂದ ನಾನು ಧೋತರ ಎರಡು ಮಡಿಕೆ ಮಾಡಿ ನೀರು ಸೋಸಿ ಕುಡಿಯತೊಡಗಿದೆ, ಬಾಗಿಲು ಹಾಕಿಕೊಂಡು.

ಡಾಕ್ಟರು ಬಾಗಿಲು ಹಾಕಿಕೊಳ್ಳುವವರಲ್ಲ. ನೇರವಾಗಿ ಗೌಡರ ಕಟ್ಟೆಗೆ ಹೋಗಿ, "ಪಾವಟಿಗಿ ಮುಚ್ಚಿಸ್ರಿ. ಕಾಲು ಮನ್ಯಾಗ ತೊಳಕೊಂಡ ಬಂದು, ಮ್ಯಾಲೆ ನಿಂತು ಹಗ್ಗದ್ಲೆ ಸೇದ್ರಿ. ಇಷ್ಟ ಮಾಡ್ರಿ, ಎರಡು ವರ್ಷದಾಗ ನಾರು ಊರ ಬಿಡತೈತಿ" ಎಂದರು.

ಗೌಡರು ಕೆಟ್ಟವರಲ್ಲ. ಆದರೆ ಅವರ ಮುಖ ಕಪ್ಪಿಟ್ಟಿತು. "ನಮ್ಮವ್ವ ನಲವತ್ತು ವರ್ಷ ಅಲ್ಲಿ ಇಳದು, ಕಾಲು ತೊಳಕೊಂಡು ಪೂಜಿ ನೀರು ತಂದಾಳ. ಅಂದ್ರ ಲಿಂಗದ ಮ್ಯಾಲೆ ಆಕಿ ರೋಗ ಹಾಕಿದ್ಲೇನ್ರಿ?"

"ಆಕಿ ಹಾಕಲಿಲ್ರಿ. ಆಕಿಗೆ ಗೊತ್ತಿರಲಿಲ್ಲ. ನಿಮಗ ಈಗ ಗೊತ್ತಾತು" ಎಂದರು ಡಾಕ್ಟರು. ಎಲ್ಲಿ ಸುಮ್ಮನಿರಬೇಕೋ ಅದು ಅವರಿಗೆ ತಿಳಿಯುತ್ತಿರಲಿಲ್ಲ. ನನಗೆ ಅದೊಂದೇ ತಿಳಿದಿತ್ತು. ದುರ್ಬೀನಿನಲ್ಲಿ ಕಂಡದ್ದನ್ನು ಅಲ್ಲೇ ನಿಂತು ಹೇಳಬೇಕಾಗಿದ್ದವನು ನಾನೊಬ್ಬನೇ. ನಾನು ಗೋಡೆ ನೋಡುತ್ತ ನಿಂತೆ.

ಮರುದಿನ ಗೌಡರು ಕರೆದು, ಮೇಲಿನ ಸಾಹೇಬರಿಗೆ ಅರ್ಜಿ ಬರೆಯಲು ಹೇಳಿದರು. ಅವರ ಹಿತ್ತಲ ಕೋಣೆಯಲ್ಲಿ ನನ್ನ ವಾಸ. ಅದೊಂದು ನೆಪ. ನಿಜವೆಂದರೆ ಊರಿನವರಲ್ಲಿ ಒಬ್ಬ ಅನ್ನಿಸಿಕೊಳ್ಳುವ ಆಸೆ. "ಡಾಕ್ಟರ ಭಾವಿಗೆ ಇಳದು ಪೂಜಿ ನೀರು ಕೆಡಿಸ್ಯಾರ ಅಂತ ಬರೀರಿ" ಎಂದರು. ಡಾಕ್ಟರು ಆ ಮೆಟ್ಟಿಲ ಮೇಲೆ ಕಾಲಿಟ್ಟವರೇ ಅಲ್ಲ, ಮೇಲಿನಿಂದ ತಂಬಿಗೆ ಬಿಟ್ಟು ನೀರು ತೆಗೆದವರು. ನಾನು ಬರೆದೆ. ಬರೀ 'ಇಳಿದರು' ಎಂದರೆ ಅರ್ಜಿಗೆ ತೂಕ ಸಾಲದು ಎನ್ನಿಸಿ, 'ಬೂಟುಗಾಲಿನಲ್ಲಿ ಇಳಿದರು' ಎಂದು ಬರೆದೆ. ಆ ಬೂಟು ಗೌಡರದಲ್ಲ, ನನ್ನ ಸ್ವಂತ ಸೇರ್ಪಡೆ.

ತಿಂಗಳೊಳಗೆ ಡಾಕ್ಟರಿಗೆ ಮುನವಳ್ಳಿಯ ಆಚೆ ಒಂದು ಊರಿಗೆ ವರ್ಗವಾಯಿತು. ಬಾವಿಗೆ ಶುದ್ಧಿ ಮಾಡಿಸಿದರು. ಊರವರೆಲ್ಲ ಒಬ್ಬೊಬ್ಬರಾಗಿ ಇಳಿದು, ಕಾಲು ತೊಳೆದು, ಬೊಗಸೆ ನೀರು ಕುಡಿದು ಮೇಲೆ ಬಂದರು. "ಮಾಸ್ತರ, ನೀವೂ ಇಳೀರಿ" ಎಂದರು ಗೌಡರು. ಕೆಳಗೆ ಒಬ್ಬ ಮುದುಕ ಉರಿಯುವ ಕಾಲನ್ನು ನೀರಿಗೆ ಇಳಿಬಿಟ್ಟು ಕುಳಿತಿದ್ದ. ಅವನ ಪಕ್ಕದಲ್ಲೇ ನಿಂತು, ಎಲ್ಲ ತಿಳಿದೂ, ಬೊಗಸೆ ತುಂಬ ಕುಡಿದೆ.

ಮರುವರ್ಷ ಅದೇ ದಿನಗಳಲ್ಲಿ ನನ್ನ ಎಡಗಾಲಿನ ಹಿಮ್ಮಡಿಯ ಮೇಲೆ ಬೊಕ್ಕೆ ಎದ್ದಿತು. ಹುಳು ಸುತ್ತಲು ಊರಲ್ಲಿ ಯಾರ ಕೈಗೂ ಕಾಲು ಕೊಡುವ ಧೈರ್ಯವಾಗಲಿಲ್ಲ. ಚಕ್ಕಡಿಯಲ್ಲಿ ಮಲಗಿ ಮುನವಳ್ಳಿ ದಾಟಿ ಹೋದೆ. ದವಾಖಾನೆಯ ಕಟ್ಟೆಯ ಮೇಲೆ ಏಳೆಂಟು ಜನ ಇದ್ದರು. ಡಾಕ್ಟರು ಪ್ರತಿಯೊಬ್ಬರಿಗೂ ಅದೇ ಪ್ರಶ್ನೆ ಕೇಳುತ್ತ ಬಂದರು. ನನ್ನ ಸರದಿ ಬಂತು. ಕಾಲು ನೋಡಿದರು, ಮುಖ ನೋಡಿದರು. ನನ್ನನ್ನು ಮಾತ್ರ ಆ ಪ್ರಶ್ನೆ ಕೇಳಲಿಲ್ಲ.

ಇಪ್ಪತ್ತೆರಡು ದಿನ ತಮ್ಮ ಮನೆಯ ಪಡಸಾಲೆಯಲ್ಲೇ ಮಲಗಿಸಿಕೊಂಡರು. ದಿನವೂ ಒದ್ದೆ ಅರಿವೆ ಹಾಕಿ, ಬೆರಳಗಲ ಸುತ್ತಿ, ಬಿಗಿ ಕಂಡ ಕೂಡಲೇ ನಿಲ್ಲಿಸುತ್ತಿದ್ದರು. "ಜಗ್ಗಬಾರದರಿ, ಕರೀಬೇಕು" ಎನ್ನುತ್ತಿದ್ದರು. ಐದನೆಯ ದಿನ ಕಡ್ಡಿ ತಿರುಗಿಸುತ್ತ, ತಲೆ ಎತ್ತದೆ, "ಅರ್ಜಿ ನನ್ನ ಕಡೆ ಬಂದಿತ್ರಿ, ಉತ್ತರಾ ಬರಿ ಅಂತ. ಅಕ್ಷರ ಛಲೋ ಅದಾವ ನಿಮ್ವು" ಎಂದರು.

"ನಿಮ್ಮ ಕಾಲು ತೋರಿಸಿದ್ರ ಮುಗೀತಿತ್ತಲ್ರಿ" ಎಂದೆ, ತಪ್ಪು ಅವರದೇ ಎಂಬಂತೆ.

"ತೋರಸಬೇಕಾದದ್ದು ಭಾವಿ ನೀರು ಇತ್ತು, ಮಾಸ್ತರ. ನನ್ನ ಕಾಲು ನೋಡಿ ಅವರೇನು ಮಾಡತಿದ್ರು?"

ಅವರು ಮತ್ತೆ ಆ ಮಾತು ಎತ್ತಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಬೈದಿದ್ದರೆ ಹಗುರಾಗುತ್ತಿದ್ದೆ, ಅದನ್ನೂ ಕೊಡಲಿಲ್ಲ. ಹುಳು ಇಡಿಯಾಗಿ ಹೊರಬಂದ ದಿನ ಅದನ್ನು ಒಲೆಗೆ ಹಾಕಿ, ಕೈ ತೊಳೆದುಕೊಂಡು, ಚಕ್ಕಡಿ ಹೂಡಲು ಹೇಳಿದರು.

ಎರಡು ವರ್ಷದ ಮೇಲೆ ಪ್ಲೇಗು ಮತ್ತೆ ಬಂತು. ಮೊದಲ ಇಲಿ ಯಾರ ಮನೆಯಲ್ಲಿ ಸತ್ತು ಬಿತ್ತು ಎಂದು ಕೇಳುತ್ತ ಓಣಿ ಓಣಿ ಕುಂಟಿದ ಡಾಕ್ಟರು ವಾರದೊಳಗೆ ತೀರಿಕೊಂಡರು ಎಂದು ಸುದ್ದಿ ಬಂತು. ಅಂದು ಗೌಡರ ಕಟ್ಟೆಗೆ ಹೋಗಿ, ಎಲ್ಲರ ಮುಂದೆ ಹೇಳಿದೆ. ಅರ್ಜಿ ಸುಳ್ಳು, ಡಾಕ್ಟರು ಬಾವಿಗೆ ಇಳಿದೇ ಇರಲಿಲ್ಲ, ಅವರ ಕಾಲಿಗೆ ಬೂಟು ಏರುವಂತಿರಲಿಲ್ಲ ಎಂದೆ.

ಗೌಡರು ನನ್ನನ್ನು ಮರುಕದಿಂದ ನೋಡಿದರು. "ಸತ್ತವರ ಬಗ್ಗೆ ಕೆಟ್ಟ ಆಡಬಾರದು ಅಂತೀರಿ, ಖರೇ. ಆದರ ಬೂಟು ಹಾಕ್ಕೊಂಡು ಇಳದದ್ದು ನಾನ ಕಣ್ಣಾರೆ ಕಂಡೇನಲ್ರಿ" ಎಂದರು. ಕಟ್ಟೆಯ ಮೇಲಿದ್ದವರೆಲ್ಲ ಹೌದೆಂದರು. ಒಬ್ಬನಿಗೆ ಬೂಟಿನ ಬಣ್ಣವೂ ನೆನಪಿತ್ತು.

ಆ ಬಾವಿಯಲ್ಲಿ ಈಗಲೂ ಕಾಲು ತೊಳೆದೇ ನೀರು ತುಂಬುತ್ತಾರೆ. ನಾನು ದಿನವೂ ಅದರ ಮುಂದಿನಿಂದಲೇ ಸಾಲೆಗೆ ನಡೆದು ಹೋಗುತ್ತೇನೆ. ನನ್ನ ಎರಡೂ ಹಿಮ್ಮಡಿ ನೆಲಕ್ಕೆ ಹತ್ತುತ್ತವೆ.