ಬಿಚ್ಚಿದ ಮೇಲಿನ ಬೆಲೆ

ಆ ಗ್ಯಾರೇಜಿನ ಬಾಗಿಲಲ್ಲೇ ಒಂದು ಗಾಜಿನ ಕೋಣೆ. ಅದರಲ್ಲಿ ಕೂತು, ರಿಪೇರಿಗೆ ಎಷ್ಟಾಗುತ್ತದೆಂದು ಗಿರಾಕಿಗಳಿಗೆ ಹೇಳುವವಳನ್ನು ಎಲ್ಲರೂ ಕೌಂಟರಕ್ಕ ಎಂದೇ ಕರೆಯುತ್ತಿದ್ದರು. ಗ್ರೀಸಿನ ವಾಸನೆ ಅವಳಿಗೆ ಎಂದೂ ಅಸಹ್ಯವೆನಿಸಿರಲಿಲ್ಲ. ಅದು ಸೋಪು ಹಾಕಿದರೆ ಹೋಗುತ್ತದೆ. ಅವಳಿಗೆ ಹೇಸಿಗೆ ಹುಟ್ಟಿಸುತ್ತಿದ್ದುದು ತನ್ನದೇ ಬಾಯಿ.

ಕೆಲಸಕ್ಕೆ ಸೇರಿದ ದಿನವೇ ಮಾಲೀಕ ಪಾಠ ಹೇಳಿದ್ದ. “ನೋಡಿ ಮೇಡಂ, ಕೊಟೇಷನ್ ಅಂದ್ರೆ ಕೊಟ್ಟ ಮಾತು. ಆಮೇಲೆ ಏರಿಸೋಕಾಗಲ್ಲ. ಎಸ್ಟಿಮೇಟ್ ಅಂದ್ರೆ ಬರೀ ಅಂದಾಜು, ಎಷ್ಟು ಬೇಕಾದ್ರೂ ಏರುತ್ತೆ. ನೀವು ಕೊಡೋದು ಎಸ್ಟಿಮೇಟು. ಆದ್ರೆ ಹೇಳೋದು ಮಾತ್ರ ಕೊಟೇಷನ್ ಥರ, ಧೈರ್ಯವಾಗಿ.” ಹೇಳಿ ಹೊಟ್ಟೆ ಕುಣಿಸಿ ನಕ್ಕಿದ್ದ, ಹಾಳಾದವನು.

ಗಾಡಿ ಒಳಗೆ ಬಂದದ್ದೇ ತಡ, ಎಂಜಿನ್ ಬಿಚ್ಚಿಸಿ ನಟ್ಟು ಬೋಲ್ಟುಗಳನ್ನೆಲ್ಲ ತಟ್ಟೆಯಲ್ಲಿ ಹರಡಿಸುವುದು ಅಲ್ಲಿನ ಪದ್ಧತಿ. ಆಮೇಲೆ ಕೌಂಟರಕ್ಕನ ಫೋನು: “ಬಿಚ್ಚಿದ ಮೇಲೆ ಗೊತ್ತಾಯ್ತು ಸರ್, ಖರ್ಚು ಸ್ವಲ್ಪ ಜಾಸ್ತಿಯಿದೆ.” ಬಿಚ್ಚಿದ ಗಾಡಿಯನ್ನು ಯಾರು ಹೊತ್ತುಕೊಂಡು ಹೋಗುತ್ತಾರೆ? ಬೈದುಕೊಂಡೇ ಕೊಡುತ್ತಾರೆ. ಬೈಗುಳವೆಲ್ಲ ಅವಳ ಕಿವಿಗೆ, ದುಡ್ಡೆಲ್ಲ ಅವನ ಜೇಬಿಗೆ.

ಅವಳ ತಂಗಿ ಶಾಲೆಯ ಮಕ್ಕಳನ್ನು ಕರೆದೊಯ್ಯುವ ವ್ಯಾನ್ ಓಡಿಸುತ್ತಿದ್ದಳು. ಗಂಡ ಬಿಟ್ಟುಹೋದ ಮೇಲೆ ಮನೆ ನಡೆಯುತ್ತಿದ್ದುದು ಅದೊಂದರಿಂದಲೇ. ವ್ಯಾನು ಕಪ್ಪು ಹೊಗೆ ಕಾರತೊಡಗಿದಾಗ, ಅಕ್ಕನಿದ್ದಾಳಲ್ಲ ಎಂದು ಸೀದಾ ಇಲ್ಲಿಗೇ ತಂದು ನಿಲ್ಲಿಸಿದಳು. ಅಕ್ಕ ಎಂದಿನಂತೆ ಒಂದು ಅಂದಾಜು ಮೊತ್ತ ಹೇಳಿದಳು.

“ಅಕ್ಕಾ, ನನ್ನ ಹತ್ರ ಅಷ್ಟೇ ಇರೋದು. ಈಗ ಹೇಳಿದ್ದಕ್ಕಿಂತ ಜಾಸ್ತಿ ಆಗಲ್ಲ ತಾನೇ? ಆಗೋದಾದ್ರೆ ಈಗ್ಲೇ ಹೇಳ್ಬಿಡು, ಬೇರೆ ಕಡೆ ನೋಡ್ತೀನಿ.”

ಮಾಲೀಕ ಬಾಗಿಲಿಗೆ ಒರಗಿ ಹಲ್ಲಿಗೆ ಕಡ್ಡಿ ಹಾಕಿಕೊಂಡು ಕೇಳಿಸಿಕೊಳ್ಳುತ್ತಿದ್ದ. ನಿಜ ಅಕ್ಕನ ನಾಲಿಗೆಯ ತುದಿಗೆ ಬಂದಿತ್ತು. ಇರುವ ಕೆಲಸವೂ ಹೋದೀತೆಂಬ ಭಯ ಅದನ್ನು ಒಳಕ್ಕೆ ನೂಕಿತು.

“ಆಗಲ್ಲ ಕಣೇ,” ಎಂದಳು, ಧೈರ್ಯವಾಗಿ.

ಮರುದಿನ ಎಂಜಿನ್ ತಟ್ಟೆಯಲ್ಲಿತ್ತು, ಖರ್ಚು ದುಪ್ಪಟ್ಟಾಗಿತ್ತು. ಓಡೋಡಿ ಬಂದ ತಂಗಿ ಕಣ್ಣೀರು ಹಾಕುವುದನ್ನೇ ಕಾಯುತ್ತಿದ್ದವನಂತೆ ಮಾಲೀಕ ಹೊರಗೆ ಬಂದ.

“ಅಳಬೇಡಮ್ಮಾ. ನಮ್ಮ ಮೇಡಂ ತಂಗಿ ಅಂದ್ರೆ ನಮಗೂ ತಂಗೀನೇ. ಕಾಲು ಭಾಗ ಡಿಸ್ಕೌಂಟ್ ಕೊಡ್ತೀನಿ.”

ಡಿಸ್ಕೌಂಟ್ ಎಂದರೆ ಅಲ್ಲಿ ಕಳೆಯುವುದಕ್ಕೆಂದೇ ಮೊದಲು ಕೂಡಿಸಿಟ್ಟದ್ದು. ಅಂದು ಬೆಳಿಗ್ಗೆ ಅವನು ಹೇಳಿದಂತೆ ಕೂಡಿಸಿದವಳೂ ಕೌಂಟರಕ್ಕನೇ. ಥೂ, ಎಂಥ ಬಾಳು ಎನಿಸಿತು ಅವಳಿಗೆ.

ತಂಗಿ ಮಾಲೀಕನಿಗೆ ಕೈಮುಗಿದಳು. ಕೈಯಲ್ಲಿದ್ದ ಬಳೆ ಅಡವಿಟ್ಟು ಬರುತ್ತೇನೆ ಎಂದಳು. ಆಮೇಲೆ ಗಾಜಿನ ಕೋಣೆಯೊಳಗೆ ಬಂದು ಅಕ್ಕನ ಎರಡೂ ಕೈ ಹಿಡಿದುಕೊಂಡಳು.

“ನೀನಿದ್ದೆ, ಬಚಾವಾದೆ ಅಕ್ಕಾ. ಇಲ್ದಿದ್ರೆ ಇವ್ರು ನನ್ನ ತಲೆ ಬೋಳಿಸಿಬಿಡ್ತಿದ್ರು.”

ಅಕ್ಕ ಇಷ್ಟು ದಿನ ಬೈಗುಳ ತಿಂದು ಅರಗಿಸಿಕೊಂಡಿದ್ದಳು. ಈ ಕೃತಜ್ಞತೆ ಗಂಟಲಲ್ಲಿ ಇಳಿಯಲಿಲ್ಲ.

“ಬೋಳಿಸಿ ಆಯ್ತು ಕಣೇ,” ಎಂದಳು, ಹೊರಗಿನ ಬೆಂಚಿನವರಿಗೂ ಕೇಳುವಷ್ಟು ಜೋರಾಗಿ. “ನಿನ್ನೆ ಹೇಳಿದ್ದೂ ಸುಳ್ಳು, ಇವತ್ತಿನ ಡಿಸ್ಕೌಂಟೂ ಸುಳ್ಳು. ಹೇಳಿದ್ದು ಇದೇ ಬಾಯಿ, ಕೂಡಿಸಿದ್ದು ಇದೇ ಕೈ.”

ಕಾಯುತ್ತಿದ್ದ ಗಿರಾಕಿಗಳೆಲ್ಲ ಎದ್ದು ನಿಂತರು. ಮಾಲೀಕ ಮುಖ ಕೆಂಪಗೆ ಮಾಡಿಕೊಂಡು, ನಾಳೆಯಿಂದ ಬರಬೇಡ ಎಂದು ಕಿರುಚಿದ. ಅವಳಿಗೆ ಅದು ನೋಯಲಿಲ್ಲ.

ತಂಗಿ ಮೆಲ್ಲಗೆ ತನ್ನ ಕೈ ಬಿಡಿಸಿಕೊಂಡಳು.

“ನಿನ್ನೆ ನಾನು ಕೇಳಿದಾಗ್ಲೂ ನಿಂಗೆ ಗೊತ್ತಿತ್ತಾ?”